ನಾಲ್ಕನೇ ಬಲೆ

ಮಾರ್ಚ್ ೩

ಶ್ರೀಮನ್ಮಧುಮಂಡಲಾಧೀಶ್ವರ, ನಲವತ್ತೆರಡು ಪೆಟ್ಟಿಗೆಗಳ ಏಕಚ್ಛತ್ರಾಧಿಪತಿ, ಹೊಗೆತಿದಿ ಧುರಂಧರ, ಲಕ್ಷಾಂತರ ಕುಟುಕುಮುಳ್ಳುಗಳ ನಡುವೆ ಬರೀ ಬನಿಯನ್ನಿನಲ್ಲಿ ಸಂಚರಿಸುವ ವೀರಾಗ್ರಣಿ, ನನ್ನ ಜನನಕ್ಕೆ ಭಾಗಶಃ ಕಾರಣಕರ್ತರಾದ ಪೂಜ್ಯ ತೀರ್ಥರೂಪರ ಪಾದಾರವಿಂದಗಳಿಗೆ,

ತಮ್ಮ ಏಕಮಾತ್ರ ಪುತ್ರಿ, ಇಪ್ಪತ್ನಾಲ್ಕು ವರ್ಷ ಪ್ರಾಯದ, ಬಕ್‌ವೀಟ್ ಎಂಬ ಕಾಳಿನ ಸಂಶೋಧನಾ ವಿಭಾಗದ ಕಿರಿಯರಲ್ಲಿ ಅತಿ ಕಿರಿಯ ಸಹಾಯಕಿ, ಸದಾ ಗುಂಯ್‌ಗುಡುತ್ತಾಳೆಂಬ ಕಾರಣಕ್ಕೆ ತಮ್ಮಿಂದಲೇ ಗುಂಗಿ ಎಂದು ಕರೆಸಿಕೊಂಡವಳು, ಮಾಡುವ ಸಾಷ್ಟಾಂಗ ನಮಸ್ಕಾರಗಳು. (ಕೋಣೆ ಚಿಕ್ಕದು. ಕಾಲುಗಳು ಮಂಚದ ಕೆಳಗಿವೆ ಎಂದು ಭಾವಿಸತಕ್ಕದ್ದು.)

ವಿಷಯ: ತಮ್ಮ ಮೌನವ್ರತದ ವ್ಯಾಪ್ತಿಯ ಬಗ್ಗೆ ಸ್ಪಷ್ಟೀಕರಣ ಕೋರಿ.

ನಾನು ಮನೆ ಬಿಟ್ಟ ದಿನ ನಡೆದದ್ದನ್ನು ದಾಖಲೆಗಾಗಿ ಬರೆಯುತ್ತೇನೆ. ತಾವು ಕೊನೇ ಸಾಲಿನ ಪೆಟ್ಟಿಗೆ ತೆರೆದು ಬಗ್ಗಿದ್ದಿರಿ. ನಾನು ಏಳು ಪೆಟ್ಟಿಗೆ ದೂರದಲ್ಲಿ ಸೂಟ್‌ಕೇಸ್ ಹಿಡಿದು ನಿಂತು, ಎರಡು ವಾರದಿಂದ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದೆ: "ಅಪ್ಪ, ಅಲ್ಲಿ ನಾನು ಮಾಡಬೇಕಾಗಿರೋದು ಜೇನುಹುಳ ಇಲ್ಲದೇನೇ ಕಾಳು ಕಟ್ಟೋ ಬಕ್‌ವೀಟ್." ತಾವು ಸೆಟೆದು ನಿಂತಿರಿ. ಒಂದು ಕೈಯಿಂದ ಮುಖದ ಬಲೆಯ ಮೇಲೇ ಬಾಯಿ ಮುಚ್ಚಿಕೊಂಡಿರಿ. ಇನ್ನೊಂದು ಕೈಯನ್ನು 'ಹೋಗು, ಹೋಗು' ಎಂಬಂತೆ ಬೀಸಿ, ನೇರ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಬಸ್ಸಿನವರೆಗೆ ಬಂದದ್ದು ಅತ್ತೆ. "ಅವನು ಬಾಯೇ ಬಿಡ್ತಿಲ್ಲ ಕಣೆ. ಗೋಡೆ ಕಡೆ ಮುಖ ಮಾಡಿ ಮಲಗಿದಾನೆ" ಎಂದರು.

ಇನ್ನು ನನ್ನ ಜೊತೆ ಮಾತಿಲ್ಲವೆಂದು ತಾವು ಶಪಥ ಮಾಡಿದ್ದೀರೆಂದು ತಿಳಿದುಕೊಂಡೆ. ಶಪಥಕ್ಕೆ ಗೌರವ ಕೊಟ್ಟು ಇದುವರೆಗೆ ಫೋನ್ ಮಾಡಿಲ್ಲ. ಆದರೆ ಅದರಲ್ಲೊಂದು ಬಿರುಕಿದೆ. ಮಾತಾಡುವುದಿಲ್ಲ ಎಂದಿರೇ ಹೊರತು ಓದುವುದಿಲ್ಲ ಎಂದಿಲ್ಲ. ಉತ್ತರ ಬರೆದರೂ ವ್ರತಭಂಗವಾಗದು. ಈ ಬಗ್ಗೆ ಕಾನೂನು ತಿಳಿದ ಸಹೋದ್ಯೋಗಿಯೊಬ್ಬನನ್ನು ವಿಚಾರಿಸಿದ್ದೇನೆ. ಅವನು ಮಣ್ಣು ಪರೀಕ್ಷೆ ಮಾಡುವವನು. ಆದರೆ ಅವನ ಚಿಕ್ಕಪ್ಪ ವಕೀಲರು.

ಇಲ್ಲಿ ನನ್ನ ಮೇಜು ಕಿಟಕಿ ಪಕ್ಕ. ಹೊರಗೆ ಪ್ರಯೋಗದ ಹೊಲ. ಒಳಗೆ ಬೀಜದ ತಂಪು ಕಪಾಟು, ಎರಡು ಸೂಕ್ಷ್ಮದರ್ಶಕ, ಮತ್ತು 'ಇಲ್ಲಿ ಊಟ ಮಾಡಬಾರದು' ಎಂಬ ಫಲಕದ ಕೆಳಗೆ ಎಲ್ಲರ ಊಟದ ಡಬ್ಬಿ.

ಇತಿ ತಮ್ಮ ಅವಿಧೇಯ ವಿಧೇಯಳು,
ಗುಂಗಿ

*

ಮಾರ್ಚ್ ೧೯

ಗುಂಗಿ,

ಕಾಗದ ತಲುಪಿತು. ಬಿರುದುಗಳು ನಿಮ್ಮತ್ತೆಗೆ ಇಷ್ಟವಾದವು. ಬನಿಯನ್ ವಿಷಯ ಬರೆಯಬೇಕಾಗಿರಲಿಲ್ಲ.

ನಾನು ಶಪಥ ಮಾಡಿದ್ದೇನೆ ಅಂತ ನೀನು ಬರೆದಿದ್ದೀಯ. ಹಾಗೇ ಇರಲಿ. ಬರೆಯುವುದಕ್ಕೆ ಅಡ್ಡಿಯಿಲ್ಲ ಅಂತಲೂ ನೀನೇ ಹೇಳಿದ್ದೀಯ. ಅದಕ್ಕೆ ಬರೆಯುತ್ತಿದ್ದೇನೆ.

ಹುಳ ಬೇಡದ ಗಿಡ. ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. ನಿನ್ನ ಓದು, ನಿನ್ನ ಹಾಸ್ಟೆಲ್, ನಿನ್ನ ಸೂಟ್‌ಕೇಸ್, ಎಲ್ಲಾ ಈ ಹುಳಗಳು ಹೂವಿಂದ ಹೂವಿಗೆ ಅಲೆದು ತಂದದ್ದು. ನಿಮಗೆ ಹುಳ ಬೇಡ ಅಂತ ಹೂವಿಗೆ ಹೇಳಿಕೊಡೋಕೆ ಜಗತ್ತಿನಲ್ಲಿ ಬೇರೆ ಯಾರೂ ಸಿಗಲಿಲ್ಲವಾ? ನನ್ನ ಮಗಳೇ ಬೇಕಿತ್ತಾ?

ಬೇರೆ ವಿಶೇಷ ಇಲ್ಲ. ಹೊಸ ಮುಖದ ಬಲೆ ತಂದೆ. ಹಳೇದರಲ್ಲಿ ಗದ್ದದ ಕೆಳಗಿನ ಮಡಿಕೆಯಲ್ಲಿ ಮೂರು ಬೆರಳಗಲ ತೂತು. ಇಲಿ ಅಂತ ನಿಮ್ಮತ್ತೆ ಹೇಳುತ್ತಾಳೆ. ನಾಲ್ಕೂ ಕಡೆ ಇಷ್ಟು ನೇರವಾಗಿ ಕಡಿಯುವ ಇಲಿಯನ್ನು ನಾನು ನೋಡಿಲ್ಲ.

ಅಪ್ಪ

*

ಏಪ್ರಿಲ್ ೨

ಮೌನಸಾಮ್ರಾಜ್ಯದ ಚಕ್ರವರ್ತಿಗಳಿಗೆ,

ಇಲಿಯ ಕೈಚಳಕದ ಬಗ್ಗೆ ಓದಿ ವಿಸ್ಮಯವಾಯಿತು. ಈ ಕಾಲದ ಇಲಿಗಳು ರೇಖಾಗಣಿತ ಕಲಿಯುತ್ತಿರಬೇಕು. ಆ ವಿಷಯ ಇಲ್ಲಿಗೇ ಬಿಡೋಣ.

ತಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲು ಆರೋಪಿಯ ಪರಿಚಯ. ಹೆಸರಿನಲ್ಲಿ ವೀಟ್ ಇದ್ದರೂ ಬಕ್‌ವೀಟ್‌ಗೂ ಗೋಧಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಅದು ಹುಲ್ಲಿನ ಜಾತಿಯೇ ಅಲ್ಲ, ಹುಳಿಸೊಪ್ಪಿನ ದಾಯಾದಿ. ಕಾಳಿಗೆ ಮೂರು ಮೂಲೆ. ಬಡ ಮಣ್ಣಿನಲ್ಲೂ ಎರಡೂವರೆ ತಿಂಗಳಿಗೆ ಕುಯ್ಲಿಗೆ ಬರುತ್ತದೆ. ಗೋಧಿ ಕಂಡರೆ ಹೊಟ್ಟೆ ಮುಷ್ಕರ ಹೂಡುವ ನಮ್ಮತ್ತೆಯಂಥವರು ಧೈರ್ಯವಾಗಿ ತಿನ್ನಬಹುದು. ಗೋಧಿಯಲ್ಲಿರುವ ಅಂಟು ಇದರ ಹಿಟ್ಟಿನಲ್ಲಿಲ್ಲ. ಇಲ್ಲದ್ದರಿಂದಲೇ ಭಾನುವಾರ ನಾನು ಸುಟ್ಟ ಬ್ರೆಡ್ ಉಬ್ಬಲೂ ಇಲ್ಲ. ಅದೀಗ ಮೇಜಿನ ಮೇಲೆ ಕಾಗದಗಳು ಹಾರದಂತೆ ನೋಡಿಕೊಳ್ಳುತ್ತಿದೆ. ಮಣ್ಣಿನವನು ಗಡಸುತನ ಅಳೆಯಲು ಕೇಳಿದ, ಕೊಟ್ಟಿಲ್ಲ.

ಈಗ ಆರೋಪ. ಬಕ್‌ವೀಟ್ ಹೊಲದಲ್ಲಿ ಎರಡು ಬಗೆಯ ಗಿಡ ಇರುತ್ತವೆ. ಒಂದರ ಹೂವಿನಲ್ಲಿ ಹೆಣ್ಣುಕಡ್ಡಿ ಉದ್ದ, ಗಂಡುಕಡ್ಡಿ ಗಿಡ್ಡ. ಇನ್ನೊಂದರಲ್ಲಿ ತಿರುಗುಮುರುಗು. ಒಂದು ಬಗೆಯ ಪರಾಗ ಇನ್ನೊಂದು ಬಗೆಗೆ ಮುಟ್ಟಿದರೆ ಮಾತ್ರ ಕಾಳು. ತನ್ನಂಥದ್ದೇ ಹೂವಿನಿಂದ ಬಂದರೆ ಒಲ್ಲೆ, ತನ್ನದೇ ಆದರಂತೂ ಸುತಾರಾಂ ಒಲ್ಲೆ. ಇಷ್ಟು ಬಿಗುಮಾನದವರ ನಡುವೆ ಓಡಾಡಿ ಸಂಧಾನ ಮಾಡಿಸುವವರು ತಮ್ಮ ಪ್ರಜೆಗಳು. ಸರಿ. ಆದರೆ ಒಂದು ವಾರ ಗಾಳಿ ಬೀಸಿ ಪ್ರಜೆಗಳು ಪೆಟ್ಟಿಗೆಯಲ್ಲೇ ಕೂತರೆ? ಹೂವೆಲ್ಲ ಜೊಳ್ಳು. ಬಿತ್ತಿದವನ ಕೈಗೆ ಹೊಟ್ಟು.

ನಮ್ಮ ಕಪಾಟಿನಲ್ಲಿ ಒಂದು ತಳಿಯಿದೆ. ಎರಡೂ ಕಡ್ಡಿ ಸಮ ಎತ್ತರ. ತನ್ನ ಪರಾಗ ತಾನೇ ಉದುರಿಸಿಕೊಂಡು ತಾನೇ ಕಾಳು ಕಟ್ಟುತ್ತದೆ, ಯಾರ ಹಂಗೂ ಇಲ್ಲ. ನಾನು ಒಂಟಿಸಲಗ ಎಂದು ನಾಮಕರಣ ಮಾಡಿದ್ದೇನೆ. ಆರು ಮಡಿಗಳಲ್ಲಿ ಬಿತ್ತಿದ್ದಾಯಿತು. ಹೂವು ಬರುವ ಮೊದಲು ಆರಕ್ಕೂ ಬಲೆಯ ಮನೆ ಕಟ್ಟಬೇಕು, ಒಂದು ಹುಳವೂ ನುಸುಳದ ಹಾಗೆ. ಬಲೆಯೊಳಗೆ ನೂರು ಹೂವಿಗೆ ಸರಾಸರಿ ಹತ್ತು ಕಾಳು ಕಟ್ಟಬೇಕು ಎಂದು ನಮ್ಮ ಮುಖ್ಯಸ್ಥೆ ಗೆರೆ ಎಳೆದಿದ್ದಾರೆ. ಅವರನ್ನು ನಾವು ಸರಾಸರಿ ಮೇಡಂ ಎನ್ನುತ್ತೇವೆ. "ಊಟ ಹೇಗಿತ್ತು ಮೇಡಂ?" ಎಂದರೆ "ಈ ವಾರದ ಸರಾಸರಿಗೆ ಪರವಾಗಿಲ್ಲ" ಎನ್ನುವವರು.

ಹತ್ತು ಕಟ್ಟಿದರೆ ತಳಿ ಮುಂದಕ್ಕೆ, ನಾನೂ ಮುಂದಕ್ಕೆ. ಇಲ್ಲದಿದ್ದರೆ ತಳಿ ವಾಪಸ್ ಕಪಾಟಿಗೆ, ನಾನು ವಾಪಸ್ ಮನೆಗೆ, ಮಾತಾಡದ ಅಪ್ಪನ ಎದುರು ತಟ್ಟೆ ಇಟ್ಟುಕೊಂಡು ಕೂರುವುದಕ್ಕೆ. ಆದಕಾರಣ ಹತ್ತು ಕಟ್ಟಿಸಿಯೇ ತೀರುತ್ತೇನೆ.

ಇತಿ ಯುದ್ಧಸನ್ನದ್ಧಳಾದ,
ಗುಂಗಿ

*

ಏಪ್ರಿಲ್ ೨೨

ಅಪ್ಪ,

ಇವತ್ತು ಬಿರುದು ಇಲ್ಲ.

ಇಲ್ಲಿದ್ದ ನಾಲ್ಕು ಪೆಟ್ಟಿಗೆ ಹುಳಗಳು ಸೋಮವಾರ ಎದ್ದು ಹೋದವು. ತೆರೆದು ನೋಡಿದರೆ ಜೇನೆರಿಯ ತುಂಬ ಮೇಣ ತಿನ್ನುವ ಹುಳು, ಜೇಡರಬಲೆಯಂಥ ನೂಲು. ನೋಡಿಕೊಳ್ಳುವವರು ಯಾರೂ ಇರಲಿಲ್ಲ. ನಿನ್ನ ಮಗಳಾಗಿ ನನಗಾದರೂ ಕಣ್ಣಿಗೆ ಬೀಳಬೇಕಿತ್ತು. ನಾನು ಬಲೆ ಹೊಲಿಯುತ್ತಾ ಕೂತಿದ್ದೆ.

ನನ್ನ ಬಲೆಗಳಿಗೆ ಹುಳ ಬೇಡ. ಆದರೆ ಪಕ್ಕದಲ್ಲಿ ಹಳೇ ತಳಿಯ ಆರು ಮಡಿ ಬಲೆಯಿಲ್ಲದೆ ಇವೆ. ಅವಕ್ಕೆ ಬೇಕು. ಹುಳ ಬಂದುಹೋಗುವ ಹಳೇ ತಳಿ ಎಷ್ಟು ಕಟ್ಟುತ್ತೆ ಅಂತ ಗೊತ್ತಿಲ್ಲದೆ, ನನ್ನದು ಇಷ್ಟು ಕಟ್ಟಿತು ಅಂತ ಹೇಳಿಕೊಂಡರೆ, ಎದುರಾಳಿಯ ಕೈಕಾಲು ಕಟ್ಟಿಹಾಕಿ ಕುಸ್ತಿ ಗೆದ್ದ ಹಾಗೆ. ಮಣ್ಣಿನವನು "ನಿಂಗೇ ಒಳ್ಳೇದಲ್ವಾ? ಹಳೇದು ಸೊನ್ನೆಗೆ ಬೀಳುತ್ತೆ, ನಿಂದು ಆಕಾಶಕ್ಕೆ ಏರುತ್ತೆ" ಅಂದ. ಅವನಿಗೆ ಬ್ರೆಡ್ಡಿನಲ್ಲಿ ಹೊಡೆದೆ.

ಇನ್ನು ಹದಿನೈದು ದಿನಕ್ಕೆ ಹೂವು. ನಿನ್ನ ಹುಳಗಳನ್ನು ಸೋಲಿಸೋಕೆ ನಿನ್ನ ಹುಳಗಳನ್ನೇ ಕೇಳುತ್ತಿದ್ದೇನೆ. ನಾಚಿಕೆಯಾಗುತ್ತಿದೆ. ಆದರೂ ಕೇಳುತ್ತಿದ್ದೇನೆ. ನಾಲ್ಕು ಪೆಟ್ಟಿಗೆ ಕಳಿಸುತ್ತೀಯಾ?

ಗುಂಗಿ

*

ಏಪ್ರಿಲ್ ೨೭

ಗುಂಗಿ,

ಕಳಿಸುವುದಿಲ್ಲ. ನಾನೇ ತರುತ್ತೇನೆ.

ಪೆಟ್ಟಿಗೆ ಇಡುವ ಜಾಗ ಇವತ್ತೇ ಹದ ಮಾಡು. ಬಾಗಿಲು ಬೆಳಗಿನ ಬಿಸಿಲಿಗೆ ಮುಖ ಮಾಡಿರಬೇಕು. ಅಗಲ ತಟ್ಟೆಯಲ್ಲಿ ನೀರು, ನೀರಲ್ಲಿ ಕಲ್ಲು, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಸುತ್ತಮುತ್ತ ಯಾರೂ ಔಷಧಿ ಹೊಡೆಯಕೂಡದು, ಈಗಲೇ ಹೋಗಿ ಹೇಳಿ ಬಾ. ಹಳೇ ಎರಿಗಳನ್ನು ಸುಡು. ಇಟ್ಟುಕೊಳ್ಳೋಣ ಅಂತ ಆಸೆ ಮಾಡಬೇಡ.

ಗೆಲ್ಲುವುದಾದರೆ ಎದುರಾಳಿ ಎದುರಿಗೆ ನಿಂತಾಗ ಗೆಲ್ಲು. ನನ್ನ ಹುಳ ಸೋತರೆ ಸೋತವು. ಹುಳವೇ ಇಲ್ಲದ ಜಾಗದಲ್ಲಿ ಹುಳ ಬೇಡ ಅಂತ ಹೇಳಿಕೊಂಡು ತಿರುಗಬೇಡ.

ಶಪಥ ಹಾಗೇ ಇದೆ. ಪೆನ್ನು, ಪುಸ್ತಕ ತರುತ್ತೇನೆ.

ಅಪ್ಪ

(ಅತ್ತೆ ಬರೆಯುವುದು: ಯಾವ ನಾಲ್ಕು ಪೆಟ್ಟಿಗೆ ಅಂತ ಮೂರು ದಿನದಿಂದ ಆರಿಸ್ತಿದಾನೆ. ನಿಂಗೆ ಹೆಸರಿಡೋವಾಗ್ಲೂ ಇಷ್ಟು ಯೋಚನೆ ಮಾಡಿರಲಿಲ್ಲ.)

*

ಮೇ ೬, ಬೆಳಗ್ಗೆ ಆರೂಕಾಲು. ಹೊಲದಲ್ಲಿ, ಕೈಯಿಂದ ಕೈಗೆ

ಪೆಟ್ಟಿಗೆ ಇಳಿಸಿದ್ದಾಯಿತು. ಬಾಗಿಲು ತೆಗೆದಿದ್ದೇನೆ. ನೀನು ಸಣ್ಣಗಾಗಿದ್ದೀಯ. ಆ ಬ್ರೆಡ್ ಬಿಟ್ಟು ಬೇರೆ ಏನಾದರೂ ತಿನ್ನು.

ಅಪ್ಪ

*

ಮೇ ೬, ಆರೂವರೆ

ಮಾನ್ಯರೇ, ತಾವು ಮೂರಡಿ ದೂರದಲ್ಲಿ ನಿಂತು ಚೀಟಿ ಕೊಡುವುದನ್ನು ಸಹೋದ್ಯೋಗಿಗಳು ಕಿಟಕಿಯಲ್ಲಿ ಸಾಲಾಗಿ ನಿಂತು ನೋಡುತ್ತಿದ್ದಾರೆ. "ನಿಮ್ಮಪ್ಪಂಗೆ ಮಾತು ಬರಲ್ವಾ?" ಎಂದು ಕೇಳಿದರು. "ಬರುತ್ತೆ, ಸದ್ಯಕ್ಕೆ ಬಳಕೆಯಲ್ಲಿಲ್ಲ" ಎಂದೆ.

ಗುಂಗಿ

*

ಮೇ ೬, ಮಧ್ಯಾಹ್ನ ಒಂದು ಗಂಟೆ

ಈ ಗಿಡ ಬೆಳಗ್ಗೆ ಮಾತ್ರ ಬಡಿಸುತ್ತೆ. ಹನ್ನೆರಡಾಗುವಷ್ಟರಲ್ಲಿ ಅಡುಗೆಮನೆ ಬಾಗಿಲು ಹಾಕಿಬಿಡುತ್ತೆ. ಖಾಲಿ ಹೊಟ್ಟೆಯಲ್ಲಿ ವಾಪಸ್ ಬಂದು ಹುಳಗಳಿಗೆ ಸಿಟ್ಟು ನೆತ್ತಿಗೇರಿದೆ. ಮಧ್ಯಾಹ್ನ ಯಾರನ್ನೂ ಹೊಲಕ್ಕೆ ಬಿಡಬೇಡ.

ಅಪ್ಪ

*

ಮೇ ೬, ಒಂದೂ ಹತ್ತು

ತಡವಾಯಿತು. ಸರಾಸರಿ ಮೇಡಂ ಈಗಷ್ಟೇ ಓಡಿಹೋದರು. ಕುಟುಕು: ಎರಡು. ವ್ಯಕ್ತಿ: ಒಬ್ಬರು. ಸರಾಸರಿ ತಾವೇ ಹಾಕಿಕೊಳ್ಳಿ.

ಗುಂಗಿ

*

ಮೇ ೮, ಬೆಳಗ್ಗೆ ಏಳು ಗಂಟೆ

ನಾಲ್ಕನೇ ಬಲೆಯ ಒಳಗೆ, ಮೇಲಿನ ಮೂಲೆಯಲ್ಲಿ ಎರಡು ಹುಳ. ಬೆಳಕಿನ ಕಡೆ ಮುಖ ಮಾಡಿ ಕೂತಿವೆ. ನನ್ನವೇ. ಕೆಳಗಿನ ಮೂಲೆಗೆ ನೀನು ಹಾಕಿರುವ ತೇಪೆ ಒಂದು ಕಡೆ ಹೊಲಿಗೆ ಬಿಚ್ಚಿದೆ. ಆ ತೇಪೆ ಎಲ್ಲೋ ನೋಡಿದ ಹಾಗಿದೆ.

ಅಪ್ಪ

*

ಮೇ ೮, ಏಳೂಕಾಲು

ಹುಳ ಹೊರಗೆ ಬಿಟ್ಟೆ. ಹೊಲಿಗೆ ಬಿಗಿ ಮಾಡಿದೆ. ಎರಡೇ ಹುಳ ಅಲ್ವಾ, ಎಷ್ಟು ಮಹಾ ಮಾಡಿರುತ್ತವೆ. ತೇಪೆ ಸಂಶೋಧನಾಲಯದ ಸಾಮಗ್ರಿ.

ಗುಂಗಿ

*

ಮೇ ೮, ಏಳೂವರೆ

ಕಂಡದ್ದು ಎರಡು. ಬಂದು ಉಂಡು ಹೋದವು ಎಷ್ಟೋ.

ನಾನು ಹೊರಟೆ. ಪೆಟ್ಟಿಗೆಗಳು ಇಲ್ಲೇ ಇರಲಿ. ತಟ್ಟೆಯ ನೀರು ಒಣಗಿಸಬೇಡ.

ಅಪ್ಪ

*

ಜೂನ್ ೧೪

ಸೋತರೂ ಸೋಲದ ಮಧುಮಂಡಲಾಧೀಶ್ವರರಿಗೆ ವಿಜಯಪತ್ರಿಕೆ!

ಕುಯ್ಲು ಮುಗಿಯಿತು. ಮುಂಜಾನೆ ಇಬ್ಬನಿ ಆರುವ ಮೊದಲೇ ಕುಯ್ದೆವು. ಒಣಗಿದ ಮೇಲೆ ಕೈ ಹಾಕಿದರೆ ಕಾಳು ಮುನಿಸಿಕೊಂಡು ಉದುರಿಬಿಡುತ್ತದೆ. ಹನ್ನೆರಡು ದಿನ ಕೂತು ಎಣಿಸಿದ್ದೇನೆ. ಕಣ್ಣು ಮುಚ್ಚಿದರೆ ಮೂರು ಮೂಲೆ, ತೆರೆದರೆ ಮೂರು ಮೂಲೆ. ನೆನ್ನೆ ಸಮೋಸ ನೋಡಿ ಎಣಿಸಲು ಶುರುಮಾಡಿದೆ.

ಫಲಿತಾಂಶವನ್ನು ಎದ್ದು ನಿಂತು ಓದತಕ್ಕದ್ದು. ನೂರು ಹೂವಿಗೆ: ಹಳೇ ತಳಿ ಬಲೆಯಿಲ್ಲದೆ, ತಮ್ಮ ಹುಳಗಳ ಕೃಪೆಯಿಂದ, ಹದಿಮೂರು. ಅದೇ ಹಳೇ ತಳಿಗೆ ಬಲೆ ಹೊದಿಸಿದ ಒಂದು ಮಡಿಯಲ್ಲಿ ಸೊನ್ನೆ. ಒಂಟಿಸಲಗ, ಆರು ಬಲೆಗಳ ಸರಾಸರಿ, ಹನ್ನೊಂದು! ಮೇಡಂ ಎಳೆದ ಗೆರೆ ಹತ್ತು. ದಾಟಿದ್ದೇನೆ.

ಇನ್ನೂ ಇದೆ. ಮೇ ನಡುವಿನಲ್ಲಿ ಎಂಟು ದಿನ ಒಂದೇ ಸಮ ಗಾಳಿ. ತಮ್ಮ ಪ್ರಜೆಗಳು ಹೊರಗೆ ತಲೆ ಹಾಕಲಿಲ್ಲ. ಆ ಎಂಟು ದಿನ ಅರಳಿದ ಹೂವುಗಳಿಗೆ ಕೆಂಪು ದಾರ ಕಟ್ಟಿದ್ದೆ. ಹಳೇ ತಳಿಯಲ್ಲಿ ನೂರಕ್ಕೆ ಮೂರು. ಒಂಟಿಸಲಗದ್ದು ಒಂದೊಂದು ಬಲೆಯಲ್ಲೂ ಏನೂ ಆಗಿಲ್ಲವೆಂಬಂತೆ ಎಂಟು, ಒಂಬತ್ತು.

ಜುಲೈ ಎರಡಕ್ಕೆ ತಳಿ ಒಪ್ಪುವ ಸಮಿತಿಯ ಸಭೆ. ಅಂಗಿ ಇಸ್ತ್ರಿ ಮಾಡಿಸಿದ್ದೇನೆ. ಇದರ ಜೊತೆ ಕಾಳಿನ ಸಿಪ್ಪೆ ತುಂಬಿದ ದಿಂಬು ಕಳಿಸಿದ್ದೇನೆ, ಅತ್ತೆಯ ಕುತ್ತಿಗೆ ನೋವಿಗೆ. ತಿರುಗಿದಾಗಲೆಲ್ಲ ಸರಸರ ಸದ್ದು ಮಾಡುತ್ತೆ, ಇಲಿ ಎಂದು ಭಾವಿಸದಿರಲಿ.

ಇತಿ ವಿಜಯೋನ್ಮತ್ತಳಾದ,
ಗುಂಗಿ

*

ಜೂನ್ ೨೦

ಗುಂಗಿ,

ನಾಲ್ಕನೇ ಬಲೆ ಎಷ್ಟು?

ಅಪ್ಪ

*

ಜುಲೈ ೩

ಅಪ್ಪ,

ಹತ್ತೊಂಬತ್ತು.

ನಿನ್ನ ಒಂದು ಸಾಲಿನ ಕಾಗದವನ್ನು ಬ್ರೆಡ್ಡಿನ ಕೆಳಗೆ ಇಟ್ಟು ಒಂದು ವಾರ ಆ ಕಡೆ ನೋಡಲಿಲ್ಲ. ಉಳಿದ ಐದು ಹೀಗಿವೆ: ಹನ್ನೊಂದು, ಒಂಬತ್ತು, ಹತ್ತು, ಎಂಟು, ಒಂಬತ್ತು. ಇವುಗಳ ನಡುವೆ ಹತ್ತೊಂಬತ್ತು ಬಂದು ಕೂತರೆ ಅದು ಯಾರ ಮನೆಯ ಮಗು ಅಂತ ಯಾರು ಬೇಕಾದರೂ ಹೇಳಬಹುದು. ನನಗೂ ಗೊತ್ತಿತ್ತು. ಆರನ್ನೂ ಸೇರಿಸಿದರೆ ಹನ್ನೊಂದು. ನಾಲ್ಕನೆಯದು ಬಿಟ್ಟರೆ ಒಂಬತ್ತು ಪಾಯಿಂಟ್ ನಾಲ್ಕು. ಗೆರೆ ಹತ್ತು. ನಾನು ನಿನಗೆ ಸುಳ್ಳು ಬರೆದಿರಲಿಲ್ಲ, ಸರಾಸರಿ ಬರೆದಿದ್ದೆ. ಸರಾಸರಿಯ ಹಿಂದೆ ಏನು ಬೇಕಾದರೂ ಅವಿತುಕೊಳ್ಳಬಹುದು ಅಂತ ಮೊದಲ ಸಲ ಗೊತ್ತಾಯಿತು.

ಸಮಿತಿಗೆ ಹಿಂದಿನ ದಿನ ಸಂಜೆ ಪಟ್ಟಿಯಿಂದ ನಾಲ್ಕನೇ ಬಲೆ ತೆಗೆದೆ. ಯಾಕೆ ತೆಗೆದೆ ಅಂತ ವರದಿಯ ಕೊನೆಗೆ ಬರೆದೆ.

ಉದ್ದ ಮೇಜು, ಏಳು ಕುರ್ಚಿ. ಸರಾಸರಿ ಮೇಡಂ ಮೊದಲ ಪುಟವನ್ನೂ ತಿರುಗಿಸದೆ ಕೇಳಿದರು, "ಸರಾಸರಿ ಎಷ್ಟು?"

"ಒಂಬತ್ತು ಪಾಯಿಂಟ್ ನಾಲ್ಕು."

"ಹತ್ತು ಆಗಬೇಕಿತ್ತು."

"ಹೌದು ಮೇಡಂ. ಒಂದು ಬಲೆ ಕೈಬಿಟ್ಟಿದೀನಿ. ಅದನ್ನ ಸೇರಿಸಿದ್ರೆ ಹನ್ನೊಂದು ಆಗ್ತಿತ್ತು."

"ಮತ್ತೆ ಯಾಕಮ್ಮ ಕೈಬಿಟ್ಟೆ?" ಪಕ್ಕದಲ್ಲಿದ್ದ ಹಿರಿಯರೊಬ್ಬರು ಕನಿಕರದಿಂದ ಕೇಳಿದರು.

"ಅದರೊಳಗೆ ನಮ್ಮಪ್ಪನ ಹುಳ ಹೋಗಿದ್ವು."

"ನಿಮ್ಮಪ್ಪನವೇ ಅಂತ ಹೇಗೆ ಗೊತ್ತು?"

"ಅವೂ ನನ್ನ ಜೊತೆ ಮಾತಾಡಲಿಲ್ಲ ಸಾರ್."

ಯಾರೂ ನಗಲಿಲ್ಲ. ಮೇಡಂ ಮಾತ್ರ ಕೊರಳ ಹಿಂಭಾಗ ಸವರಿಕೊಂಡರು, ಅವತ್ತು ಕುಟುಕಿಸಿಕೊಂಡ ಜಾಗ. ಆಮೇಲೆ ಅರ್ಧ ಗಂಟೆ ಹೂವಿಗೆ ದಾರ ಕಟ್ಟಿದ ಲೆಕ್ಕ ನೋಡಿದರು. ಗಾಳಿಯ ವಾರವನ್ನು ಮೂರು ಸಲ ಓದಿಸಿದರು. ಬಲೆ ಹೊದಿಸದೆ ಬಿಟ್ಟಿದ್ದ ಒಂದು ಸಾಲು ಒಂಟಿಸಲಗದ ಲೆಕ್ಕವೂ ಇತ್ತು, ನಿನಗೆ ಬರೆದಿರಲಿಲ್ಲ. ಬೇಕಂತಲೇ ಬರೆದಿರಲಿಲ್ಲ. ಅಲ್ಲಿಗೆ ನಿನ್ನ ಹುಳಗಳು ದಿನಾ ಹೋಗಿವೆ. ಆ ಸಾಲು ಹದಿನಾರು ಕಟ್ಟಿದೆ. ಹೊಲದಲ್ಲೆಲ್ಲ ಅದೇ ಹೆಚ್ಚು, ನಾಲ್ಕನೇ ಬಲೆ ಬಿಟ್ಟರೆ. ಯಾರ ಹಂಗೂ ಬೇಡ ಅಂತ ತಲೆಯೆತ್ತಿ ನಿಂತ ಗಿಡ, ಯಾರಾದರೂ ಬಂದು ಮಾತಾಡಿಸಿದರೆ ಬೇಡ ಅನ್ನುವುದಿಲ್ಲ.

ತೀರ್ಪು: ತಳಿ ಒಪ್ಪಿಗೆಯಾಗಲಿಲ್ಲ. ಕಪಾಟಿಗೂ ಹೋಗಲಿಲ್ಲ. ಇನ್ನೊಂದು ಬೆಳೆ ಬೆಳೆಯಬೇಕು, ಹನ್ನೆರಡು ಬಲೆ, ಎಲ್ಲವೂ ಹೊಸ ಬಟ್ಟೆಯವು, ತೇಪೆ ಕೂಡದು. ನನಗೂ ಅಲ್ಲಿಯವರೆಗೆ ಕೆಲಸ ಇದೆ. ಎದ್ದು ಹೊರಡುವಾಗ ಮೇಡಂ, "ಕೈಬಿಟ್ಟ ಬಲೆಯನ್ನ ವರದಿಯಲ್ಲಿ ಬರೆದಿದೀಯ. ಅದಕ್ಕೆ ಉಳಿದದ್ದನ್ನ ನಂಬಿದೆ" ಅಂದರು. ಆಮೇಲೆ, "ನಿಮ್ಮಪ್ಪಂಗೆ ಹೇಳು, ಮುಂದಿನ ಬೆಳೆಗೂ ಹುಳ ಬೇಕು. ಸ್ವಲ್ಪ ಸಾಧು ಇರೋವು" ಅಂದರು.

ನಾನು ತಳಿಯ ಅರ್ಜಿಯ ತಲೆಬರಹ ಬದಲಾಯಿಸಿದ್ದೇನೆ. 'ಹುಳ ಬೇಡದ ಬಕ್‌ವೀಟ್' ಅಂತ ಇದ್ದದ್ದು ಈಗ 'ಹುಳ ಬಾರದ ದಿನವೂ ಕಾಳು ಕಟ್ಟುವ ಬಕ್‌ವೀಟ್'. ಆ ಹತ್ತನ್ನು ಮುಂದಿನ ಬೆಳೆಯಲ್ಲಿ ದಾಟಿಯೇ ದಾಟುತ್ತೇನೆ. ನೀನು ಎದುರಿಗೇ ನಿಂತಿರಬೇಕು.

ಗುಂಗಿ

*

ಜುಲೈ ೧೧

ಗುಂಗಿ,

ಕಾಗದ ಓದಿದೆ. ನಿಮ್ಮತ್ತೆಗೂ ಓದಿ ಹೇಳಿದೆ. ಅವಳು ದಿಂಬಿಗೆ ಒರಗಿಕೊಂಡು ಕೇಳಿದಳು, ಸರಸರ ಅಂತ ಸದ್ದು ಮಾಡಿಕೊಂಡು.

ನೀನು ನಾಲ್ಕನೆಯದು ಬಿಟ್ಟದ್ದು ಸರಿ. ಮುಂದಿನ ಬೆಳೆಗೆ ಆರು ಪೆಟ್ಟಿಗೆ ತರುತ್ತೇನೆ. ಸಾಧು ಹುಳ ನನ್ನ ಹತ್ತಿರ ಇಲ್ಲ, ಹೊತ್ತು ನೋಡಿ ಹೊಲಕ್ಕೆ ಇಳಿಯಬೇಕು ಅಂತ ನಿಮ್ಮ ಮೇಡಂಗೆ ಹೇಳು.

ನೀನು ಇಷ್ಟು ಬಿಚ್ಚಿ ಬರೆದ ಮೇಲೆ ನಾನೂ ಒಂದು ಹೇಳಬೇಕು. ನಾನು ಯಾವ ಶಪಥವನ್ನೂ ಮಾಡಿರಲಿಲ್ಲ.

ಅವತ್ತು ನೀನು ಏಳು ಪೆಟ್ಟಿಗೆ ಆಚೆ ನಿಂತು ಏನೋ ಹೇಳುತ್ತಿದ್ದೆ. ಅದೇ ಹೊತ್ತಿಗೆ ಆ ಇಲಿ ಮಾಡಿದ ತೂತಿನಲ್ಲಿ ಒಂದು ಹುಳ ಒಳಗೆ ಬಂದು ತುಟಿಗೆ ಚುಚ್ಚಿತು. ಹಿಂದೆಯೇ ಇನ್ನೊಂದು. ನಲವತ್ತು ವರ್ಷದಲ್ಲಿ ತುಟಿಗೆ ಕುಟುಕಿಸಿಕೊಂಡದ್ದು ಅದೇ ಮೊದಲು. ಕೈ ಬೀಸಿದ್ದು ನಿನಗೂ ಕಚ್ಚದಿರಲಿ, ದೂರ ಹೋಗು ಅಂತ. ಬಾಯಿ ಗಡಿಗೆಯಾಗಿತ್ತು. ಆ ಮೂತಿ ಇಟ್ಟುಕೊಂಡು ಬಸ್ಸಿಗೆ ಬಂದರೆ ನೀನು ಜನ್ಮಪೂರ್ತಿ ಆಡಿಕೊಳ್ಳುತ್ತೀಯ ಅಂತ ಗೋಡೆ ಕಡೆ ತಿರುಗಿ ಮಲಗಿದೆ. ನೀನು ಏನು ಹೇಳಿದೆ ಅಂತ ನನಗೆ ಕೇಳಿಸಿರಲೇ ಇಲ್ಲ. ಹುಳ ಬೇಡದ ಗಿಡದ ವಿಷಯ ಗೊತ್ತಾದದ್ದು ನಿನ್ನ ಮೊದಲ ಕಾಗದದಿಂದ. ಸಿಟ್ಟು ಬಂದದ್ದೂ ಆಗಲೇ.

ಶಪಥ ಇಲ್ಲ ಅಂತ ಅವತ್ತೇ ಬರೆಯಬಹುದಿತ್ತು. ಫೋನಿನಲ್ಲಿ ನೀನು ಊಟ ಆಯ್ತಾ, ಆಯ್ತು, ಸರಿ ಇಡ್ತೀನಿ, ಇಷ್ಟೇ. ಆ ಕಾಗದದಲ್ಲಿ ನೀನು ನಾಲ್ಕು ಪುಟದಷ್ಟು ಇದ್ದೆ. ಶಪಥ ಬಿಟ್ಟರೆ ಕಾಗದ ನಿಲ್ಲುತ್ತೆ ಅನ್ನಿಸಿತು. ಹೊಲದಲ್ಲಿ ಎರಡು ಸಲ ಬಾಯಿಗೆ ಬಂದದ್ದನ್ನು ನುಂಗಿದೆ.

ಭಾನುವಾರ ಸಂಜೆ ಫೋನ್ ಮಾಡು. ಮಾತಾಡುತ್ತೇನೆ. ಆದರೆ ಬರೆಯುವುದನ್ನು ಬಿಡಬೇಡ.

ಅಪ್ಪ

*

ಜುಲೈ ೧೬

ಶ್ರೀಮನ್ಮಧುಮಂಡಲಾಧೀಶ್ವರ, ನಲವತ್ತೆರಡು ಪೆಟ್ಟಿಗೆಗಳ (ನಾಲ್ಕು ಸದ್ಯ ನನ್ನ ವಶದಲ್ಲಿ) ಏಕಚ್ಛತ್ರಾಧಿಪತಿ, ಊದಿದ ತುಟಿಯ ಮಹಾಮೌನಿಗಳ ಸನ್ನಿಧಾನಕ್ಕೆ,

ತಾವು ಮಾಡದೇ ಇದ್ದ ಶಪಥವನ್ನು ನಾಲ್ಕು ತಿಂಗಳು ಭಂಗವಿಲ್ಲದೆ ಪಾಲಿಸಿದ್ದಕ್ಕೆ ಈ ಸಂಸ್ಥಾನದ ಪರವಾಗಿ ಅಭಿನಂದನೆಗಳು. ಭಾನುವಾರ ಸಂಜೆ ಆರಕ್ಕೆ ಫೋನ್ ಮಾಡುತ್ತೇನೆ. ಊಟದ ವಿಷಯ ಕೇಳುವುದಿಲ್ಲ.

ಅದಕ್ಕೆ ಮೊದಲು ಒಂದು ವಿಷಯವನ್ನು ಬರವಣಿಗೆಯಲ್ಲೇ ಮುಗಿಸಿಬಿಡಬೇಕು. ಬಾಯಲ್ಲಿ ಹೇಳುವಷ್ಟು ಧೈರ್ಯ ಇಲ್ಲ.

ಅಪ್ಪ, ಹುಳ ನುಸುಳದ ಬಲೆ ಎಷ್ಟು ಸಣ್ಣ ಕಣ್ಣಿನದಾಗಿರಬೇಕು ಅಂತ ಅಂಗಡಿಯವನಿಗೆ ತೋರಿಸೋಕೆ ಹೊರಡುವ ಹಿಂದಿನ ದಿನ ನನಗೊಂದು ಮಾದರಿ ಬೇಕಿತ್ತು. ಕೇಳಿದ್ದರೆ ನೀನು ಕೊಡುತ್ತಿದ್ದೆ. ಆದರೆ ಕೇಳಿದರೆ ಯಾಕೆ ಅಂತ ಹೇಳಬೇಕಾಗಿತ್ತು. ಗದ್ದದ ಕೆಳಗಿನ ಮಡಿಕೆಯಲ್ಲಿ ಕಾಣುವುದಿಲ್ಲ ಅಂದುಕೊಂಡೆ. ಏಪ್ರಿಲ್‌ನಲ್ಲಿ ನಾಲ್ಕನೇ ಬಲೆಯ ಮೂಲೆ ಹರಿದಾಗ ಕೈಗೆ ಸಿಕ್ಕಿದ್ದೂ ಅದೇ ತುಂಡು. ಮೂರು ಬೆರಳಗಲ ಬಟ್ಟೆ: ನಿನ್ನ ಬಲೆಯಲ್ಲಿ ಇಲ್ಲದೆ ನಿನ್ನ ಬಾಯಿ ಮುಚ್ಚಿಸಿತು, ನನ್ನ ಬಲೆಯಲ್ಲಿ ಇದ್ದೂ ನನ್ನ ಹತ್ತೊಂಬತ್ತು ನುಂಗಿತು.

ಅತ್ತೆಗೆ ಹೇಳು, ಬೋನು ಇಡುವುದು ಬೇಡ. ಆ ಇಲಿ ನಾನೇ.

ಗುಂಗಿ